ಇಂಬು

ನಮ್ಮ ಹಳೆಯ ತೊಟ್ಟಿಮನೆಯಲ್ಲಿ ಮುಂಜಿಯೋ ಸಮಾರಾಧನೆಯೋ ಒದಗಿ, ನಂಟರಿಷ್ಟರೆಲ್ಲ ಮಧ್ಯಾಹ್ನದ ಹೊತ್ತಿಗೆ ಜಗಲಿಯ ಮೇಲೆ ಬಂದು ಸೇರಿದಾಗ, ಹಸಿದವರು ಎಷ್ಟು ಮಂದಿ ಎಂಬುದನ್ನಾಗಲಿ, ಬಡಿಸಲು ಸೊಂಟಕಟ್ಟಿ ನಿಂತವರು ಎಷ್ಟು ಮಂದಿ ಎಂಬುದನ್ನಾಗಲಿ ಎಣಿಸದೆ, ನಡುಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಮ್ಮೆ ಮೌನವಾಗಿ ನಡೆದು ಬಂದು, “ಇಲ್ಲಿ 28 ಎಲೆಗೆ ಇಂಬುಂಟು” ಎಂದು ನನ್ನ ದೊಡ್ಡಪ್ಪ ಹೇಳುತ್ತಿದ್ದರು. ಆ ಮಾತಿನ ಮೇಲೆ ಮತ್ತೆ ಮಾತಿರಲಿಲ್ಲ. ಇಪ್ಪತ್ತೊಂಬತ್ತನೆಯವರು ಎಷ್ಟೇ ಆಪ್ತರಾಗಿರಲಿ, ಎಷ್ಟೇ ದೂರದಿಂದ ಬಂದವರಾಗಿರಲಿ, ಎರಡನೆಯ ಪಂಕ್ತಿಗೆ ಕಾಯಬೇಕಾಗುತ್ತಿತ್ತು. ಹಾಗೆ ಕಾಯುವುದನ್ನು ಯಾರೂ ಅಗೌರವವೆಂದು ಭಾವಿಸುತ್ತಲೂ ಇರಲಿಲ್ಲ. ಒಮ್ಮೆ ಮಾತ್ರ, ದೊಡ್ಡಪ್ಪನವರು ಊರಲ್ಲಿಲ್ಲದ ಒಂದು ದಿನ, ಹೊತ್ತು ಮೀರಿತೆಂಬ ಆತುರದಿಂದ ಉಳಿದವರು ಅದೇ ನಡುಮನೆಯಲ್ಲಿ 40 ಎಲೆಗಳನ್ನು ಒತ್ತೊತ್ತಾಗಿ ಹಾಕಿಸಿದುದನ್ನು ನಾನು ಕಂಡಿದ್ದೇನೆ. ಹೆಜ್ಜೆಯಿಡಲು ಎಡೆಯಿಲ್ಲದೆ, ಸಾರಿನ ಪಾತ್ರೆ ಹಿಡಿದವನು ಅನ್ನದವನಿಗೆ ದಾರಿಬಿಡಲೆಂದು ಹಿಂದೆ ಸರಿದು, ಅವನು ಸರಿದುದರಿಂದ ಪಲ್ಯದವನು ನಡುದಾರಿಯಲ್ಲಿ ನಿಂತು, ಪಲ್ಯದವನು ನಿಂತುದರಿಂದ ಉಪ್ಪು ಕೇಳಿದವರಿಗೆ ಉಪ್ಪು ಬಾರದೆ, ಎರಡು ಪಂಕ್ತಿಗಳು ಉಂಡು ಏಳಬಹುದಾಗಿದ್ದ ಕಾಲದಲ್ಲಿ ಅಂದು ಒಂದು ಪಂಕ್ತಿಗೂ ಮಜ್ಜಿಗೆ ಮುಟ್ಟಲಿಲ್ಲ.

ಈ ‘ಇಂಬು’ ಎಂಬ ಮಾತು, ಆಮೇಲೆ ಎಷ್ಟೋ ವರ್ಷ ನನ್ನ ಬಾಯಿಗೆ ಬಾರದೆ ಇದ್ದು, ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಷಯವನ್ನು ಬೋಧಿಸುವ ಈ ವಯಸ್ಸಿನಲ್ಲಿ, ಒಂದು ರಾತ್ರಿ ನನ್ನ ಸ್ವಂತ ಲ್ಯಾಪ್‌ಟಾಪಿನ ಮುಂದೆ ಕುಳಿತಿರುವಾಗ, ತಾನಾಗಿಯೇ ಎದ್ದು ಬಂದಿತು. ಕಂಪ್ಯೂಟರಿನ ‘ಮೆಮೊರಿ’ಯನ್ನು ನಾವು ನೆನಪು ಎಂದೂ ಸ್ಮೃತಿ ಎಂದೂ ಕನ್ನಡಿಸುತ್ತೇವಾದರೂ, ಆ ವಸ್ತುವಿನ ನಿಜವಾದ ಧರ್ಮ ನೆನೆಯುವುದಕ್ಕಿಂತ ಹೆಚ್ಚಾಗಿ ಎಡೆಗೊಡುವುದು ಎಂಬುದು ಅಂದು ನನಗೆ ಮನವರಿಕೆಯಾಯಿತು. ಕೆಲಸ ಮಾಡುವ ಕೈ ಪ್ರೊಸೆಸರ್. ಆ ಕೈ ಎಲೆ ಹರಡಿ ಕೂರುವ ನೆಲ ಮೆಮೊರಿ. ಕೈಗಳು ಎಷ್ಟಿದ್ದರೇನು, ನೆಲದಲ್ಲಿ ಇಂಬಿಲ್ಲದಿದ್ದರೆ?

ಸಂಗತಿ ಇಷ್ಟು. ದೊಡ್ಡದೊಂದು ತಂತ್ರಾಂಶವೆಂದರೆ ಸಾವಿರಾರು ಕಡತಗಳಲ್ಲಿ ಹರಡಿಕೊಂಡಿರುವ ಲಕ್ಷಗಟ್ಟಲೆ ಸಾಲುಗಳು. ಮನುಷ್ಯನು ಬರೆದ ಆ ಕಡತಗಳಲ್ಲಿ ಒಂದೊಂದನ್ನೂ ಕಂಪೈಲರ್ ಎಂಬ ಸಾಧನವು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಪರಿವರ್ತಿಸಬೇಕು. ಪರಿವರ್ತಿಸಿದ ತುಣುಕುಗಳನ್ನೆಲ್ಲ ಲಿಂಕರ್ ಎಂಬ ಇನ್ನೊಂದು ಸಾಧನವು ಕೊನೆಯಲ್ಲಿ ಒಂದುಗೂಡಿಸಬೇಕು. ಈ ಸಮಗ್ರ ವ್ಯಾಪಾರಕ್ಕೆ ಬಿಲ್ಡ್ ಎಂದು ಹೆಸರು. ಯಾವ ಕಡತ ಯಾವುದನ್ನು ಅವಲಂಬಿಸಿದೆ, ಯಾವುದು ಬದಲಾದರೆ ಯಾವುದನ್ನು ಮತ್ತೆ ಕಟ್ಟಬೇಕು ಎಂಬ ಲೆಕ್ಕವನ್ನು ಇಟ್ಟುಕೊಂಡು ಈ ಕೆಲಸವನ್ನು ನಡೆಸುವ ‘ಮೇಕ್’ ಎಂಬ ಉಪಕರಣವನ್ನು 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದರು. ಅದರ ಹುಟ್ಟಿನ ಕಥೆಯನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ: ಯಾಕ್ ಎಂಬ ಪ್ರಸಿದ್ಧ ಸಾಧನವನ್ನು ಬರೆದ ಸ್ಟೀವ್ ಜಾನ್ಸನ್ ಅವರು, ದೋಷವನ್ನು ಆಗಲೇ ತಿದ್ದಿದ್ದರೂ ಆ ಕಡತವನ್ನು ಮತ್ತೆ ಕಂಪೈಲ್ ಮಾಡುವುದನ್ನು ಮರೆತು, ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತ ಒಂದು ಬೆಳಗನ್ನೆಲ್ಲ ಕಳೆದು, ಆ ಬೇಸರವನ್ನು ಫೆಲ್ಡ್‌ಮನ್ ಅವರ ಬಳಿ ತೋಡಿಕೊಂಡರಂತೆ, ಆ ಬೇಸರವೇ ಮೇಕ್‌ನ ಬೀಜವಾಯಿತು. ಇಲ್ಲದ ತಪ್ಪನ್ನು ಹುಡುಕುವ ಸಂಕಟವನ್ನು ಕಳೆಯುವುದಕ್ಕಾಗಿ ಹುಟ್ಟಿದ ಉಪಕರಣವೇ, ಮಿತಿಯಿಲ್ಲದೆ ನಡೆಸಿದಾಗ, ಅದೇ ಸಂಕಟವನ್ನು ಬೇರೊಂದು ರೂಪದಲ್ಲಿ ಮತ್ತೆ ತಂದೊಡ್ಡುತ್ತದೆ. ಅದನ್ನು ಹೇಳುವುದಕ್ಕಾಗಿಯೇ ಈ ಪ್ರಬಂಧವನ್ನು ಬರೆಯಲು ತೊಡಗಿದ್ದೇನೆ.

ಸಾವಿರಾರು ಕಡತಗಳಲ್ಲಿ ಬಹುಪಾಲು ಒಂದನ್ನೊಂದು ಕಾಯಬೇಕಾದವುಗಳಲ್ಲ. ಆದುದರಿಂದ ಅವುಗಳನ್ನು ಸಮಕಾಲದಲ್ಲಿ ಕಂಪೈಲ್ ಮಾಡಬಹುದು. ಎಷ್ಟನ್ನು ಏಕಕಾಲಕ್ಕೆ ನಡೆಸಬೇಕೆಂಬುದನ್ನು ‘ಜೆ’ ಎಂಬ ಒಂದಕ್ಷರದ ಮುಂದೆ ಸಂಖ್ಯೆಯೊಂದನ್ನು ಬರೆದು ತಿಳಿಸುವುದು ವಾಡಿಕೆ. ಸಂಖ್ಯೆ ಎಷ್ಟಿರಬೇಕೆಂದು ಕೇಳಿದರೆ, ಯಂತ್ರದಲ್ಲಿ ಪ್ರೊಸೆಸರುಗಳು ಎಷ್ಟಿವೆಯೋ ಅಷ್ಟು, ಬೇಕಾದರೆ ಒಂದೆರಡು ಹೆಚ್ಚು, ಎಂಬ ಉತ್ತರ ಎಲ್ಲೆಡೆಯಲ್ಲಿಯೂ ಸಿದ್ಧವಾಗಿದೆ. ಕ್ರೋಮ್ ಬ್ರೌಸರನ್ನು ಕಟ್ಟುವುದಕ್ಕಾಗಿ ಹುಟ್ಟಿಕೊಂಡ ‘ನಿಂಜಾ’ ಎಂಬ ಉಪಕರಣವಂತೂ ನಾವೇನೂ ಹೇಳದಿದ್ದರೆ ಪ್ರೊಸೆಸರುಗಳ ಸಂಖ್ಯೆಗೆ 2ನ್ನು ಕೂಡಿಸಿಕೊಂಡು ಹೊರಟುಬಿಡುತ್ತದೆ. ಮೇಕ್‌ನಲ್ಲಿ ಇನ್ನೂ ದೊಡ್ಡದೊಂದು ಅಪಾಯವುಂಟು: ಅಕ್ಷರವನ್ನು ಬರೆದು ಸಂಖ್ಯೆಯನ್ನು ಬರೆಯಲು ಮರೆತರೆ, ಅದು ಅದನ್ನು ‘ಮಿತಿಯೇ ಇಲ್ಲ’ ಎಂದು ಗ್ರಹಿಸಿ, ಸಿದ್ಧವಾಗಿರುವ ಕೆಲಸಗಳನ್ನೆಲ್ಲ ಒಟ್ಟಿಗೇ ಆರಂಭಿಸುತ್ತದೆ. ಈ ಎಣಿಕೆಗಳೆಲ್ಲವೂ ಕೈಗಳ ಎಣಿಕೆಗಳು. ಕೈಗಳೇ ದುರ್ಲಭವಾಗಿದ್ದ ಕಾಲದಲ್ಲಿ ಅವು ಸಾಧುವಾಗಿದ್ದವು. ಇಂದು ಸಾಮಾನ್ಯ ಗೃಹಸ್ಥನೊಬ್ಬನು ಕೊಳ್ಳುವ ಯಂತ್ರದಲ್ಲಿಯೂ ಕೈಗಳು ಹೇರಳವಾಗಿವೆ, ನೆಲ ಮಾತ್ರ ಅದಕ್ಕೆ ತಕ್ಕಂತೆ ಹಿಗ್ಗಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ 8 ಕೋರುಗಳೂ ಅವುಗಳಲ್ಲಿ 16 ಥ್ರೆಡ್‌ಗಳೂ ಇವೆ. ರ್‍ಯಾಮ್ 16 ಜಿಬಿ. ಕೈಯೊಂದಕ್ಕೆ ಒಂದು ಜಿಬಿ ಎಂದಾಯಿತು. ಅದರಲ್ಲಿಯೂ ಆಪರೇಟಿಂಗ್ ಸಿಸ್ಟಮ್ಮಿಗೆ, ತೆರೆದಿಟ್ಟ ಬ್ರೌಸರಿಗೆ, ತೆರೆಯ ಮೇಲಿನ ಚಿತ್ರಕ್ಕೆ ಸಲ್ಲುವ ಭಾಗವನ್ನು ಮೊದಲೇ ಕಳೆಯಬೇಕು.

ಆ ರಾತ್ರಿ ನಾನು ಕಟ್ಟಲು ಹೊರಟಿದ್ದುದು ಎಲ್‌ಎಲ್‌ವಿಎಂ ಎಂಬ ಕಂಪೈಲರುಗಳ ಮಹಾಸಮುಚ್ಚಯವನ್ನು, ಅದೂ ದೋಷ ಹುಡುಕಲು ನೆರವಾಗುವ ಡಿಬಗ್ ಮಾಹಿತಿಯ ಸಹಿತವಾಗಿ. ಸಂಖ್ಯೆಯನ್ನು ನಾನು ಹೇಳಲಿಲ್ಲ. ನಿಂಜಾ 18 ಎಂದು ತಾನೇ ಇಟ್ಟುಕೊಂಡಿತು. ಮೊದಲ ಅರ್ಧ ತಾಸು ಎಲ್ಲವೂ ಸೊಗಸಾಗಿ ನಡೆದು, ಅಂತ್ಯ ಸಮೀಪಿಸಿ ಲಿಂಕ್ ಮಾಡುವ ಘಟ್ಟ ಬಂದಾಗ, ತೆರೆಯ ಮೇಲಿನ ಬಾಣದ ಗುರುತು ಮೊದಲು ತಡೆತಡೆದು ಚಲಿಸಿ, ಆಮೇಲೆ ಸ್ತಬ್ಧವಾಯಿತು. ಗಡಿಯಾರದ ನಿಮಿಷ ಬದಲಾಗಲಿಲ್ಲ. ಕೀಲಿ ಒತ್ತಿದರೆ ಉತ್ತರವಿಲ್ಲ; ಡಿಸ್ಕಿನ ದೀಪ ಮಾತ್ರ ಎಡೆಬಿಡದೆ ಉರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಯಂತ್ರಕ್ಕೆ ಮತ್ತೆ ಉಸಿರು ಬಂದಂತಾದಾಗ, ನಾನು ಮಧ್ಯಾಹ್ನದಿಂದ ಬರೆಯುತ್ತಿದ್ದ ಟಿಪ್ಪಣಿಯ ಕಿಟಕಿ ಮಾಯವಾಗಿತ್ತು. ಟರ್ಮಿನಲ್ಲಿನಲ್ಲಿ ಲಿಂಕರ್ ಕೊಲ್ಲಲ್ಪಟ್ಟಿತೆಂಬ ಒಂದೇ ಪದದ ವಾರ್ತೆಯಿತ್ತು. ಯಾರು ಕೊಂದರು, ಏಕೆ ಕೊಂದರು ಎಂಬುದರ ಸುಳಿವು ಅಲ್ಲಿ ಇರಲಿಲ್ಲ.

ಇದರ ಕಾರಣವನ್ನು ಅರಿಯಬೇಕಾದರೆ 1968ರಷ್ಟು ಹಿಂದಕ್ಕೆ ಹೋಗಬೇಕು. ಆ ವರ್ಷ ಪೀಟರ್ ಡೆನಿಂಗ್ ಎಂಬ ತರುಣ ವಿದ್ವಾಂಸರು, ಒಂದು ಪ್ರೋಗ್ರಾಮು ಒಂದು ಸಣ್ಣ ಕಾಲಾವಧಿಯಲ್ಲಿ ನಿಜವಾಗಿ ಮುಟ್ಟುತ್ತಿರುವ ಮೆಮೊರಿಯ ಭಾಗವನ್ನು ಅದರ ‘ವರ್ಕಿಂಗ್ ಸೆಟ್’ ಎಂದು ಕರೆದು, ಅದನ್ನು ಆಧಾರವಾಗಿಟ್ಟುಕೊಂಡು ಯಂತ್ರಗಳ ಒಂದು ವಿಚಿತ್ರ ವ್ಯಾಧಿಯ ನಿದಾನವನ್ನು ಹೇಳಿದರು. ಆ ವ್ಯಾಧಿಗೆ ಇಂಗ್ಲಿಷಿನಲ್ಲಿ ‘ಥ್ರ್ಯಾಶಿಂಗ್’ ಎಂದು ಹೆಸರು. ನಾನು ಅದನ್ನು ತೊಳಲಾಟ ಎನ್ನುತ್ತೇನೆ. ಕೂತಿರುವ ಪ್ರೋಗ್ರಾಮುಗಳ ವರ್ಕಿಂಗ್ ಸೆಟ್‌ಗಳೆಲ್ಲ ಕೂಡಿ ಮೆಮೊರಿಯ ಗಾತ್ರವನ್ನು ಒಂದಿಷ್ಟು ಮೀರಿದೊಡನೆ, ಒಬ್ಬನಿಗೆ ಬೇಕಾದ ‘ಪುಟ’ವನ್ನು, ಎಂದರೆ ಮೆಮೊರಿಯ ಒಂದು ತುಣುಕನ್ನು, ಡಿಸ್ಕಿನಿಂದ ತರಲು ಇನ್ನೊಬ್ಬನ ಪುಟವನ್ನು ಹೊರಹಾಕಬೇಕಾಗುತ್ತದೆ. ಹೊರಹಾಕಿದ ಮರುಕ್ಷಣದಲ್ಲಿ ಅವನಿಗೆ ಅದು ಬೇಕಾಗಿ, ಅದನ್ನು ತರಲು ಮೂರನೆಯವನ ಪುಟ ಹೊರಗೆ ಹೋಗುತ್ತದೆ. ಎಲ್ಲರೂ ಓಡಾಡುತ್ತಿರುತ್ತಾರೆ, ಯಾರ ಎಲೆಗೂ ಅನ್ನ ಬೀಳುವುದಿಲ್ಲ. ಈ ಕುಸಿತ ಕ್ರಮಕ್ರಮವಾಗಿ ಬರುವುದಲ್ಲ. ದಡದವರೆಗೆ ಸುಖವಾಗಿ ನಡೆದುಬಂದವನು ಒಂದೇ ಹೆಜ್ಜೆಯಲ್ಲಿ ಬಾವಿಗೆ ಬಿದ್ದಂತೆ ಬರುತ್ತದೆ. ಅಂದಿನ ಯಂತ್ರಗಳಲ್ಲಿ ಇನ್ನೂ ದುಃಖಕರವಾದ ಒಂದು ಸಂಗತಿ ನಡೆಯುತ್ತಿತ್ತು. ಪುಟಗಳಿಗಾಗಿ ಕಾದು ಕೂತ ಪ್ರೊಸೆಸರು ಬಿಡುವಾಗಿರುವಂತೆ ತೋರುವುದರಿಂದ, ಕೆಲಸ ಸಾಲದೆಂದು ಭ್ರಮಿಸಿದ ವ್ಯವಸ್ಥೆಯು ಮತ್ತಷ್ಟು ಪ್ರೋಗ್ರಾಮುಗಳನ್ನು ಒಳಗೆ ಬಿಟ್ಟು, ವ್ಯಾಧಿಯನ್ನು ಉಲ್ಬಣಗೊಳಿಸುತ್ತಿತ್ತು. ಡೆನಿಂಗ್ ಅವರು ಹೇಳಿದ ಪರಿಹಾರ ಸರಳ: ಒಬ್ಬನ ವರ್ಕಿಂಗ್ ಸೆಟ್‌ಗೆ ಎಡೆಯಿದ್ದರೆ ಮಾತ್ರ ಅವನನ್ನು ಒಳಗೆ ಬಿಡಿ, ಇಲ್ಲದಿದ್ದರೆ ಹೊರಗೆ ಕಾಯಲಿ. ಈ ವಾಕ್ಯವನ್ನು ಓದಿದಾಗ ನಡುಮನೆಯಲ್ಲಿ ಹೆಜ್ಜೆಯಿಡುತ್ತಿದ್ದ ದೊಡ್ಡಪ್ಪನವರ ಚಿತ್ರ ನನ್ನ ಕಣ್ಣಮುಂದೆ ಬಂದುದರಲ್ಲಿ ಆಶ್ಚರ್ಯವೇನಿದೆ?

ಹಾಗಾದರೆ ಇಂಬಿಲ್ಲದಿದ್ದರೂ ನನ್ನ ಯಂತ್ರದ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಅಷ್ಟೊಂದು ಕೆಲಸಗಳಿಗೆ ಏಕೆ ಹೂಂಗುಟ್ಟಿತು ಎಂಬ ಪ್ರಶ್ನೆ ಏಳುತ್ತದೆ. ಪ್ರೋಗ್ರಾಮುಗಳು ಕೇಳುವ ಮೆಮೊರಿಯಲ್ಲಿ ಬಹಳಷ್ಟನ್ನು ಮುಟ್ಟುವುದೇ ಇಲ್ಲವೆಂಬ ಅನುಭವದಿಂದ, ಅದರ ತಿರುಳಾದ ಕರ್ನಲ್ ತನ್ನಲ್ಲಿ ಇರುವುದಕ್ಕಿಂತ ಹೆಚ್ಚಿನ ಮೆಮೊರಿಯನ್ನು ಮಾತಿನಲ್ಲಿ ಕೊಟ್ಟುಬಿಡುತ್ತದೆ. ಮುಟ್ಟಿದಾಗ ಮಾತ್ರ ನಿಜವಾದ ಪುಟವನ್ನು ಒದಗಿಸುತ್ತದೆ. ಸಾಮಾನ್ಯ ದಿನಗಳಲ್ಲಿ ಇದು ವಿವೇಕವೇ. ಆದರೆ ಕೊಟ್ಟ ಮಾತುಗಳನ್ನೆಲ್ಲ ಎಲ್ಲರೂ ಒಂದೇ ಗಳಿಗೆಯಲ್ಲಿ ನಡೆಸಿಕೊಡೆಂದು ಕೇಳಿದರೆ ಕರ್ನಲ್ಲಿನ ಬಳಿ ಬೇರೆ ಉಪಾಯವಿಲ್ಲ. ಯಾವ ಪ್ರೋಗ್ರಾಮು ಹೆಚ್ಚು ಮೆಮೊರಿಯನ್ನು ಹಿಡಿದಿದೆ ಎಂಬುದನ್ನು ಮುಖ್ಯವಾಗಿ ನೋಡಿ, ಒಂದನ್ನು ಆರಿಸಿ, ತಡೆಯಲಾಗದ 9ನೆಯ ಸಂಕೇತವನ್ನು ಕಳುಹಿಸಿ ಅದನ್ನು ಕೊನೆಗಾಣಿಸುತ್ತದೆ. ಬಲಿಯಾದುದಕ್ಕೆ ಒಂದು ಮಾತು ಹೇಳುವ ಅವಕಾಶವೂ ಇರುವುದಿಲ್ಲ. ಹಳೆಯ ಜಿಸಿಸಿ ಕಂಪೈಲರಂತೂ ತನ್ನ ಅಂಗವೊಂದು ಹೀಗೆ ಹತವಾದಾಗ ಅದನ್ನು ಕಂಪೈಲರಿನ ಆಂತರಿಕ ದೋಷವೆಂದು ಸಾರಿ, ದಯವಿಟ್ಟು ಪೂರ್ಣ ವರದಿಯನ್ನು ಸಲ್ಲಿಸಿ ಎಂದು ಕೇಳುತ್ತಿತ್ತು. ಓದಿದವನು ಕಂಪೈಲರನ್ನು ಶಂಕಿಸಿದ. ಇಲ್ಲವೆ ತಾನು ಬರೆದುದನ್ನು ಶಂಕಿಸಿದ. ಇಲ್ಲವೆ ಮೊದಲಿನಿಂದ ಎಲ್ಲವನ್ನೂ ಅಳಿಸಿ ಮತ್ತೆ ಅದೇ ಸಂಖ್ಯೆಯಿಂದ ಆರಂಭಿಸಿದ. ಜಾನ್ಸನ್ ಅವರು ಕಳೆದ ಆ ಬೆಳಗು ಮತ್ತೆ ಬಂದಿತೆಂದು ನಾನು ಹೇಳಿದುದು ಇದನ್ನೇ.

ಸಂಖ್ಯೆಯ ಮಿತಿಯನ್ನು ಮೇಕ್ ಒಳಗೊಳಗೆ ಹೇಗೆ ಪಾಲಿಸುತ್ತದೆ ಎಂಬುದು ಬಹಳ ಸುಂದರವಾದ ವಿಷಯ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಒಂದು ಮೇಕ್ ಇನ್ನೊಂದು ಮೇಕ್‌ನ್ನು ಕರೆದು, ಅದು ಮತ್ತೊಂದನ್ನು ಕರೆದು, ಹೀಗೆ ಕವಲುಕವಲಾಗಿ ಕೆಲಸ ನಡೆಯುವುದರಿಂದ, ಪ್ರತಿಯೊಂದೂ ತನಗೆ ತಾನೇ 8 ಎಂದು ಹಿಡಿದರೆ ಒಟ್ಟು ಎಷ್ಟಾದೀತೆಂದು ಹೇಳಬರುವಂತಿಲ್ಲ. ಆದ್ದರಿಂದ ಮೇಕ್‌ನ ಒಂದು ರೂಪವಾದ ಗ್ನೂ ಮೇಕ್ ಒಂದು ಕೊಳವೆಯನ್ನು ತೆರೆದು, ಅದರಲ್ಲಿ ಎಣಿಸಿದಷ್ಟು ಬೈಟುಗಳನ್ನು ಟೋಕನ್ನುಗಳಾಗಿ ಹಾಕಿಡುತ್ತದೆ. ಯಾವ ಕವಲಿನಲ್ಲಾಗಲಿ, ನಡೆಯುತ್ತಿರುವ ಒಂದರ ಜೊತೆಗೆ ಇನ್ನೊಂದು ಕೆಲಸವನ್ನು ಆರಂಭಿಸಬೇಕಾದವನು ಕೊಳವೆಯಿಂದ ಒಂದು ಬೈಟನ್ನು ತೆಗೆದುಕೊಳ್ಳಬೇಕು. ಮುಗಿದಾಗ ಅದನ್ನು ಅಲ್ಲಿಯೇ ಮರಳಿ ಹಾಕಬೇಕು. ಕೊಳವೆ ಬರಿದಾಗಿದ್ದರೆ ಕಾಯಬೇಕು. ನಾನು ಬಾಲ್ಯದಲ್ಲಿ, ಒಂಟಿ ಹಳಿಯ ಮಾರ್ಗದ ಸಣ್ಣ ನಿಲ್ದಾಣವೊಂದರಲ್ಲಿ, ನಿಲ್ಲದೆ ಹೋಗುವ ರೈಲಿನ ಎಂಜಿನ್ನಿಗೆ ಪೋರ್ಟರನು ಬೆತ್ತದ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿಯುತ್ತಿದ್ದುದನ್ನೂ, ಓಡುವ ಎಂಜಿನ್ನಿನಿಂದ ಬಾಗಿದ ಕೈಯೊಂದು ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದುದನ್ನೂ ಮೈಮರೆತು ನೋಡುತ್ತಿದ್ದೆ. ಆ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಲೋಹದ ಚೆಂಡೊಂದಿರುತ್ತಿತ್ತು. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಸಮಯಕ್ಕೆ ಒಂದೇ ಚೆಂಡು ಹೊರಗೆ ಬರುವಂತೆ ಎರಡು ಕಡೆಯ ಯಂತ್ರಗಳನ್ನೂ ಬಂಧಿಸಿಟ್ಟಿದ್ದರು. ಚೆಂಡಿಲ್ಲದೆ ಆ ಹಳಿಯ ಮೇಲೆ ಯಾವ ಚಾಲಕನೂ ಹೋಗುವಂತಿರಲಿಲ್ಲ. ಮೇಕ್‌ನ ಕೊಳವೆಯ ವಿಷಯವನ್ನು ಮೊದಲ ಬಾರಿಗೆ ಓದಿದಾಗ ಆ ಬೆತ್ತದ ಬಳೆ ನನ್ನ ತೋಳಿಗೇ ಸಿಕ್ಕಿದಂತಾಯಿತು.

ಆದರೆ ಒಂದು ವ್ಯತ್ಯಾಸವಿದೆ. ಒಂಟಿ ಹಳಿಗೆ ರೈಲು ಚಿಕ್ಕದಾದರೂ ದೊಡ್ಡದಾದರೂ ಒಂದೇ. ಬಿಲ್ಡಿನಲ್ಲಿ ಹಾಗಲ್ಲ. ಸಿ ಭಾಷೆಯ ಸಣ್ಣ ಕಡತವೊಂದು ಹತ್ತಾರು ಎಂಬಿಗಳಲ್ಲಿ ಮುಗಿದುಹೋದರೆ, ಟೆಂಪ್ಲೇಟುಗಳಿಂದ ತುಂಬಿದ ಸಿ++ ಕಡತವೊಂದು ಜಿಬಿಯನ್ನೂ ಅದಕ್ಕಿಂತ ಹೆಚ್ಚನ್ನೂ ಬೇಡುತ್ತದೆ. ಡಿಬಗ್ ಮಾಹಿತಿಯನ್ನು ಹೊತ್ತ ದೊಡ್ಡ ಪ್ರೋಗ್ರಾಮೊಂದನ್ನು ಲಿಂಕ್ ಮಾಡುವ ಒಂದೇ ಕೆಲಸವು ಹಲವು ಜಿಬಿಗಳನ್ನು ನುಂಗುತ್ತದೆ. ಇವಕ್ಕೆಲ್ಲ ಟೋಕನ್ನು ಒಂದೇ, ಬೈಟು ಒಂದೇ. ಮಗುವಿಗೂ ಎಲೆಯೊಂದೇ, ಮಲ್ಲನಿಗೂ ಎಲೆಯೊಂದೇ ಎಂಬಂತಹ ಈ ಸಮಾನತೆಯಲ್ಲಿಯೇ ಅನರ್ಥದ ಮೂಲವಿದೆ. ಸಾಲದುದಕ್ಕೆ, ಲಿಂಕ್ ಮಾಡುವ ಕೆಲಸಗಳೆಲ್ಲ ಕಂಪೈಲ್ ಮುಗಿದ ಬಳಿಕವೇ ಬರಬೇಕಾದುದರಿಂದ, ಅತಿ ಭಾರವಾದವುಗಳೇ ಕೊನೆಯಲ್ಲಿ ಒಟ್ಟಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ನನ್ನ ಯಂತ್ರ ಮೊದಲ ಅರ್ಧ ತಾಸು ಚೆನ್ನಾಗಿದ್ದು ಕೊನೆಗೆ ಕುಸಿದುದಕ್ಕೆ ಇದೇ ಕಾರಣ.

ಇದನ್ನು ಬಲ್ಲವರು ಲಿಂಕ್ ಕೆಲಸಗಳಿಗೆ ಬೇರೊಂದು ಮಿತಿಯನ್ನು ಇಡುತ್ತಾರೆ. ನಿಂಜಾದಲ್ಲಿ ‘ಪೂಲ್’ ಎಂಬ ಏರ್ಪಾಡಿದ್ದು, ಅದರ ಆಳವನ್ನು 1 ಎಂದು ಬರೆದರೆ, ಕಂಪೈಲ್ ಎಷ್ಟೇ ಸಮಾಂತರವಾಗಿ ನಡೆಯುತ್ತಿರಲಿ, ಲಿಂಕ್ ಮಾತ್ರ ಒಂದು ಸಮಯಕ್ಕೆ ಒಂದೇ. ಇದು ಅಕ್ಷರಶಃ ಒಂಟಿ ಹಳಿಯ ಚೆಂಡು. ಎಲ್‌ಎಲ್‌ವಿಎಂ ಯೋಜನೆಯವರೂ ಇದೇ ಏರ್ಪಾಡನ್ನು ಅವಲಂಬಿಸಿ, ಸಮಾಂತರ ಲಿಂಕ್ ಕೆಲಸಗಳ ಸಂಖ್ಯೆಯನ್ನು ಬೇರೆಯಾಗಿ ನಿರ್ದೇಶಿಸಲು ಅನುಕೂಲ ಮಾಡಿಕೊಟ್ಟಿದ್ದಾರೆ. ನಾನು ಅದನ್ನು ಓದದೆ ಕುಳಿತಿದ್ದೆ.

ಯಂತ್ರದ ಭಾರವನ್ನು ನೋಡಿಕೊಂಡು ತಾನೇ ತಡೆಹಿಡಿಯುವ ‘ಎಲ್’ ಎಂಬ ಇನ್ನೊಂದು ಆಯ್ಕೆಯೂ ಮೇಕ್‌ನಲ್ಲಿದೆ. ಇದನ್ನು ನಂಬಿ ಕೆಟ್ಟವರನ್ನು ನಾನು ಕಂಡಿದ್ದೇನೆ. ಅದು ನೋಡುವುದು ‘ಲೋಡ್ ಆವರೇಜ್’ ಎಂಬ ಸಂಖ್ಯೆಯನ್ನು. ಪ್ರೊಸೆಸರಿಗಾಗಿ ಸಾಲಿನಲ್ಲಿರುವವರನ್ನೂ ಡಿಸ್ಕಿಗಾಗಿ ಕಾದವರನ್ನೂ ಕೂಡಿಸಿ, 1, 5, 15 ನಿಮಿಷಗಳ ಅವಧಿಗೆ ಹಬ್ಬಿಸಿ ಹೇಳುವ ಆ ಸಂಖ್ಯೆ, ನಡೆದುಹೋದುದನ್ನು ತಡವಾಗಿ ತಿಳಿಸುವ ಅಂಚೆಯಂತೆ. ಆರಂಭದಲ್ಲಿ ಅದು ಸೊನ್ನೆಯ ಸಮೀಪದಲ್ಲಿರುವುದರಿಂದ ಬಾಗಿಲು ತೆರೆದೇ ಇರುತ್ತದೆ. ತೊಳಲಾಟ ಮೊದಲಾಗಿ ಅದು ಏರುವ ಹೊತ್ತಿಗೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ. 2022ರಲ್ಲಿ ಬಂದ ಗ್ನೂ ಮೇಕ್ 4.4ನೆಯ ಆವೃತ್ತಿಯಲ್ಲಿ ಈ ತಡವನ್ನು ಕಡಿಮೆ ಮಾಡಲು, ಲಿನಕ್ಸಿನಲ್ಲಿ ಆ ಕ್ಷಣಕ್ಕೆ ಓಡುತ್ತಿರುವ ಕೆಲಸಗಳನ್ನೇ ನೋಡುವಂತೆ ಮಾಡಿದರು. ಒಳ್ಳೆಯದೇ ಆಯಿತು, ಆದರೆ ಅದೂ ಕೈಗಳ ಎಣಿಕೆಯೇ.

ಇಂಬಿನ ಎಣಿಕೆಗೆ ಬೇಕಾದ ಅಳತೆಗೋಲು ಲಿನಕ್ಸಿನಲ್ಲಿ ಬಹುಕಾಲ ನೇರವಾಗಿ ದೊರೆಯುತ್ತಿರಲಿಲ್ಲ. ‘ಖಾಲಿ’ ಎಂದು ತೋರಿಸುವ ಅಂಕವನ್ನು ನೋಡಿದರೆ ಅದು ಯಾವಾಗಲೂ ಅಲ್ಪವೇ. ಬಿಡುವಾದ ಮೆಮೊರಿಯಲ್ಲೆಲ್ಲ ಕರ್ನಲ್ಲು ಡಿಸ್ಕಿನ ಕಡತಗಳ ಪ್ರತಿಗಳನ್ನು ಇಟ್ಟುಕೊಂಡಿದ್ದು, ಬೇಕಾದಾಗ ಅವನ್ನು ತೆರವು ಮಾಡಿಕೊಡುತ್ತದೆಯಾದುದರಿಂದ, ಖಾಲಿಯಾಗಿರುವುದೇ ಬೇರೆ, ಲಭ್ಯವಾಗಿರುವುದೇ ಬೇರೆ. ಈ ಭೇದವನ್ನು ಗಮನಿಸಿ, 2014ರಲ್ಲಿ ಹೊರಬಂದ 3.14ನೆಯ ಕರ್ನಲ್ಲಿನಲ್ಲಿ ‘ಮೆಮ್ ಅವೈಲಬಲ್’ ಎಂಬ ಸಾಲನ್ನು ಸೇರಿಸಿದರು: ಪುಟಗಳನ್ನು ಡಿಸ್ಕಿಗೆ ಸಾಗಿಸುವ ಸ್ವಾಪಿನ ಮೊರೆಹೋಗದೆ ಹೊಸ ಕೆಲಸಗಳಿಗೆ ಎಷ್ಟು ದೊರೆಯಬಹುದೆಂಬ ಕರ್ನಲ್ಲಿನ ಸ್ವಂತ ಅಂದಾಜು. ನಾನು ಈಗ ಮಾಡುವ ಲೆಕ್ಕ ಇದರಿಂದ ಆರಂಭವಾಗುತ್ತದೆ. ಲಭ್ಯವಿರುವುದು 11 ಜಿಬಿ ಎಂದಿಟ್ಟುಕೊಳ್ಳೋಣ. ಆಪತ್ತಿಗೆಂದು 2ನ್ನು ಮುಟ್ಟದೆ ಬಿಟ್ಟರೆ ಉಳಿದುದು 9. ಕೆಲಸವೊಂದಕ್ಕೆ ಒಂದೂವರೆ ಎಂದು ಹಿಡಿದರೆ 6. ಕೈಗಳು 16 ಇದ್ದರೂ ನಡೆಸುವುದು 6 ಮಾತ್ರ. ಪ್ರೊಸೆಸರುಗಳ ಸಂಖ್ಯೆ, ಮೆಮೊರಿಯಿಂದ ಬಂದ ಸಂಖ್ಯೆ, ಇವೆರಡರಲ್ಲಿ ಯಾವುದು ಕಿರಿದೋ ಅದು. ಎಲ್ಲವನ್ನೂ ಮೂಲದಿಂದಲೇ ಕಟ್ಟಿಕೊಳ್ಳುವ ಜೆಂಟೂ ಲಿನಕ್ಸ್ ಬಳಗದ ಕೈಪಿಡಿಯೂ ಇದನ್ನೇ ಹೇಳುತ್ತದೆ; ಕೆಲಸವೊಂದಕ್ಕೆ 2 ಜಿಬಿ ಎಂದು ಹಿಡಿಯಿರೆನ್ನುವುದು ಅವರ ಉಪದೇಶ. ಹಗಲಿರುಳೂ ಕಟ್ಟುತ್ತಲೇ ಇರುವವರ ಮಾತಾದುದರಿಂದ ಅದಕ್ಕೆ ನಾನು ವಿಶೇಷವಾದ ಬೆಲೆ ಕೊಡುತ್ತೇನೆ.

ಒಂದು ಕೆಲಸಕ್ಕೆ ಎಷ್ಟು ಬೇಕೆಂಬುದನ್ನು ಊಹಿಸುವುದಕ್ಕಿಂತ ಅಳೆಯುವುದು ಲೇಸು. ಗ್ನೂ ‘ಟೈಮ್’ ಎಂಬ ಸಣ್ಣ ಉಪಕರಣದ ಮೂಲಕ ಕಂಪೈಲರನ್ನು ಒಮ್ಮೆ ನಡೆಸಿದರೆ, ಅದು ಗರಿಷ್ಠವಾಗಿ ಎಷ್ಟು ಮೆಮೊರಿಯನ್ನು ಹಿಡಿದಿತ್ತೆಂಬುದನ್ನು ಕೊನೆಯಲ್ಲಿ ತಿಳಿಸುತ್ತದೆ. ಅತಿ ಭಾರವಾದ ಎರಡು ಮೂರು ಕಡತಗಳನ್ನು ಹೀಗೆ ತೂಗಿ ನೋಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದ ತಾಳ್ಮೆ ಒಂದು ರಾತ್ರಿಯನ್ನು ಉಳಿಸುತ್ತದೆ. 2018ರ ಡಿಸೆಂಬರಿನಲ್ಲಿ ಬಂದ 4.20ನೆಯ ಕರ್ನಲ್ಲಿನಿಂದ ಮೊದಲುಗೊಂಡು, ಮೆಮೊರಿಯ ಅಭಾವದಿಂದ ಕೆಲಸಗಳು ಎಷ್ಟು ಕಾಲ ಸುಮ್ಮನೆ ನಿಂತುವೆಂಬುದನ್ನು ಹೇಳುವ ‘ಪ್ರೆಷರ್’ ಎಂಬ ಅಳತೆಯೂ ದೊರೆಯುತ್ತದೆ. ಬಿಲ್ಡಿಗೆ ಇಷ್ಟೇ ಮೆಮೊರಿಯೆಂದು ಬೇಲಿ ಹಾಕಿ, ಅದು ಮೀರಿದರೆ ಅದರೊಳಗಿನದೇ ಸಾಯುವಂತೆ, ನೆರೆಯ ಟಿಪ್ಪಣಿಯ ಕಿಟಕಿ ಉಳಿಯುವಂತೆ ಮಾಡುವ ‘ಸಿಗ್ರೂಪ್’ ಎಂಬ ಏರ್ಪಾಡೂ ಇದೆ. ಈ ಬೇಲಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಪ್ರೋಗ್ರಾಮುಗಳನ್ನು ಇಂತಹ ಬೇಲಿಯೊಳಗಿಟ್ಟು ನಡೆಸುವ ಕಂಟೈನರಿನ ಒಳಗೆ ಕುಳಿತು ಮೆಮೊರಿಯ ಲೆಕ್ಕವನ್ನು ಓದಿದರೆ ಸಾಮಾನ್ಯವಾಗಿ ಕಾಣುವುದು ಹೊರಗಿನ ಇಡೀ ಯಂತ್ರದ ಲೆಕ್ಕವೇ ಹೊರತು ತನಗೆ ಹಾಕಿದ ಬೇಲಿಯ ಅಳತೆಯಲ್ಲ. ಇಡೀ ಮನೆಯ ವಿಸ್ತೀರ್ಣವನ್ನು ನೋಡಿ ಒಂದು ಕೋಣೆಯಲ್ಲಿ ಎಲೆ ಹಾಕಿದಂತೆ.

ಮೆಮೊರಿಯನ್ನು ಹೆಚ್ಚಾಗಿ ಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. ಕೊಳ್ಳಬಲ್ಲವರು ಕೊಳ್ಳಲಿ. ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಫಲಕಕ್ಕೇ ಬೆಸೆದಿರುವುದರಿಂದ, ಹಣವಿದ್ದರೂ ಅದನ್ನು ಹೆಚ್ಚಿಸುವಂತಿಲ್ಲ. ನನ್ನ ಮನಸ್ಸನ್ನು ಕಾಡುವುದಾದರೂ ನನ್ನ ಯಂತ್ರದ ಚಿಂತೆಯಲ್ಲ. ಮೂಲವನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶವೆಂದರೆ, ಬೇಕಾದವನು ಅದನ್ನು ಬಿಚ್ಚಿ ನೋಡಿ ತಿದ್ದಬಹುದು ಎಂಬ ಆಶ್ವಾಸನೆ. ಆದರೆ ತಿದ್ದಿದುದನ್ನು ಕಟ್ಟಲಾಗದವನಿಗೆ ಆ ಆಶ್ವಾಸನೆಯಿಂದ ಏನು ಫಲ? ದೊಡ್ಡ ಯಂತ್ರಗಳ ಮುಂದೆ ಕುಳಿತವರು ಇಟ್ಟ ಸ್ವಯಂಸಿದ್ಧ ಸಂಖ್ಯೆಯೊಂದು, ಸಣ್ಣ ಯಂತ್ರದ ಮುಂದೆ ಕುಳಿತವರನ್ನು ಒಂದು ಮಾತೂ ಹೇಳದೆ ಹೊರಗೆ ನಿಲ್ಲಿಸುತ್ತದೆ. ಮೆಮೊರಿಯನ್ನು ನೋಡದೆ ಕೈಗಳನ್ನಷ್ಟೇ ಎಣಿಸುವ ವಾಡಿಕೆಯನ್ನು ಉಪಕರಣಗಳನ್ನು ರಚಿಸುವವರೇ ಕೈಬಿಡಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು, ಲಿಬ್ರೆಆಫೀಸಿನಲ್ಲಿ ಕನ್ನಡ ಬರೆಯುವಾಗ ಒತ್ತಕ್ಷರಗಳ ನಡುವೆ ಕರ್ಸರಿನ ನಡೆ ತನಗೆ ಸರಿಯೆನಿಸದೆ, ಅದರ ಮೂಲವನ್ನು ತಾನೇ ನೋಡಬೇಕೆಂದು ಹಟತೊಟ್ಟು, ಇಡೀ ತಂತ್ರಾಂಶವನ್ನು ಇಳಿಸಿಕೊಂಡಿದ್ದಳು. ಅವಳದು ಅಣ್ಣನಿಂದ ಬಂದ 8 ಜಿಬಿಯ ಹಳೆಯ ಲ್ಯಾಪ್‌ಟಾಪು. ಅದರಲ್ಲಿ 4 ಕೋರು, 8 ಥ್ರೆಡ್. ಮೂರು ರಾತ್ರಿ ಕಟ್ಟಲು ಯತ್ನಿಸಿ, ಮೂರು ಸಲವೂ ಯಂತ್ರ ಸ್ತಬ್ಧವಾಗಿ, ನಾಲ್ಕನೆಯ ದಿನ ತರಗತಿ ಮುಗಿದ ಮೇಲೆ ನನ್ನ ಕೋಣೆಗೆ ಬಂದು, “ಸರ್, ನಾನು ಸೇರಿಸಿದ ಎರಡು ಸಾಲುಗಳಿಂದಲೇ ಹೀಗಾಗ್ತಿದೆ ಅನ್ಸುತ್ತೆ. ಅದನ್ನ ತೆಗೆದುಬಿಡಲಾ?” ಎಂದಳು. ಅವಳ ಕಣ್ಣಿನಲ್ಲಿ ನಿದ್ರೆಯಿರಲಿಲ್ಲ.

“ನಿನ್ನ ಸಾಲುಗಳಲ್ಲಿ ಏನೂ ತಪ್ಪಿಲ್ಲಮ್ಮ. ಕೂತ್ಕೋ” ಎಂದೆ.

ಲಿಬ್ರೆಆಫೀಸನ್ನು ಕಟ್ಟಲು ಅಣಿಮಾಡುವಾಗ ಸಮಾಂತರತೆ ಎಷ್ಟಿರಬೇಕೆಂದು ಹೇಳುವ ಆಯ್ಕೆಯೊಂದಿದೆ. ಹೇಳದಿದ್ದರೆ ಅದು ಪ್ರೊಸೆಸರುಗಳ ಸಂಖ್ಯೆಯನ್ನೇ ಹಿಡಿಯುತ್ತದೆ. ಅವಳು ಹೇಳಿರಲಿಲ್ಲ, 8 ಆಗಿತ್ತು. ಬ್ರೌಸರನ್ನು ಮುಚ್ಚಿಸಿ ನೋಡಿದಾಗ ಲಭ್ಯವಿದ್ದುದು 5 ಜಿಬಿಗೆ ಸ್ವಲ್ಪ ಹೆಚ್ಚು. ಒಂದನ್ನು ಆಪತ್ತಿಗೆ ಬಿಟ್ಟು, ಅವಳೇ ಅಳೆದ ಭಾರವಾದ ಕಡತವೊಂದರ ತೂಕದಿಂದ ಭಾಗಿಸಿ, “ಮೂರು ಸರ್” ಎಂದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ, ಎಂಟರ ಯಂತ್ರವನ್ನು ಮೂರಕ್ಕೆ ಇಳಿಸಬೇಕಾಯಿತಲ್ಲ ಎಂಬ ಖೇದವೂ ಇತ್ತು. ಆ ಸಂಜೆ ಆರಂಭಿಸಿದ ಕೆಲಸ ರಾತ್ರಿಯೆಲ್ಲ ನಡೆದು, ಮರುದಿನ ಬೆಳಗ್ಗೆ ಅವಳು ಲ್ಯಾಪ್‌ಟಾಪನ್ನು ತೆರೆದಂತೆಯೇ ಎದೆಗವಚಿಕೊಂಡು ಕಾಲೇಜಿಗೆ ತಂದಾಗ, ಲಿಬ್ರೆಆಫೀಸಿನ ಬರವಣಿಗೆಯ ಅಂಗವಾದ ರೈಟರಿನ ಲೈಬ್ರರಿಯನ್ನು ಲಿಂಕ್ ಮಾಡುವ ಘಟ್ಟ ಸಮೀಪಿಸಿತ್ತು. ಅಲ್ಲಿ ನಿಲ್ಲಿಸಿ, ಸಂಖ್ಯೆಯನ್ನು 1ಕ್ಕೆ ಇಳಿಸಿ, ಮತ್ತೆ ಮುಂದುವರಿಸಿದೆವು. ಮುಗಿದ ಕೆಲಸವನ್ನು ಮತ್ತೆ ಮಾಡದೆ ನಿಂತಲ್ಲಿಂದ ಮುಂದುವರಿಯುವ ಗುಣ ಫೆಲ್ಡ್‌ಮನ್ ಅವರ ಕಾಲದಿಂದಲೂ ಮೇಕ್‌ಗೆ ಇದೆಯಷ್ಟೆ. ಪಕ್ಕದ ಕಿಟಕಿಯಲ್ಲಿ ಲಭ್ಯ ಮೆಮೊರಿಯ ಅಂಕ ಕ್ಷಣಕ್ಷಣಕ್ಕೂ ಇಳಿಯುತ್ತ ನಾಲ್ಕಾಯಿತು, ಮೂರಾಯಿತು, ಎರಡರ ಬಳಿಗೆ ಬಂದಿತು. ಅವಳು ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಕುಳಿತಿದ್ದಳು; ನಾನೂ ಮಾತಾಡಲಿಲ್ಲ. ಎರಡರ ಹತ್ತಿರ ಅದು ಒಂದಷ್ಟು ಹೊತ್ತು ನಿಂತಿತು. ಬಾಣದ ಗುರುತು ಸರಾಗವಾಗಿ ಚಲಿಸುತ್ತದೆಯೋ ಎಂದು ಅವಳು ಒಮ್ಮೆ ಬೆರಳಾಡಿಸಿ ನೋಡಿದಳು, ಚಲಿಸಿತು. ಆಮೇಲೆ ಅಂಕ ಮೆಲ್ಲಮೆಲ್ಲಗೆ ಮೇಲೇರತೊಡಗಿತು.